ಒಂದು ಗುಂಪಿಗೆ ಒಂದೇ ಪೇಪರ್

ಆಹಾರ, ವ್ಯಾಯಾಮದ ಪಾಠದಲ್ಲಿ ನಾನು ವಿದ್ಯಾರ್ಥಿಗಳಿಂದ ಗುಂಪು ಪ್ರೆಸೆಂಟೇಶನ್ ಮಾಡಿಸುತ್ತೇನೆ. ಮೊದಲ ವರ್ಷ ಗುಂಪುಗಳಿಗೆ ಹಂಚಿದ ವಿಷಯಗಳು ಇವು: ಸಮತೋಲಿತ ಆಹಾರ, ವಿಟಮಿನ್‌ಗಳು, ವ್ಯಾಯಾಮದ ಲಾಭಗಳು, ಬೊಜ್ಜು. ಗುಂಪಿಗೆ ಐದು ಜನ, ಮಾತಾಡಲು ಹದಿನೈದು ನಿಮಿಷ. ವಿದ್ಯಾರ್ಥಿಗಳು ಶ್ರದ್ಧೆಯಿಂದಲೇ ತಯಾರಾಗಿ ಬಂದರು. ಆದರೆ ಎಲ್ಲ ಗುಂಪೂ ಹೇಳಿದ್ದು ಹೆಚ್ಚುಕಡಿಮೆ ಒಂದೇ. ಹಣ್ಣು ತರಕಾರಿ ತಿನ್ನಿ, ನೀರು ಕುಡಿಯಿರಿ, ದಿನಾ ವ್ಯಾಯಾಮ ಮಾಡಿ. ಕೊನೆಗೆ ನಾನೊಂದು ಪ್ರಶ್ನೆ ಕೇಳಿದೆ. 'ಇದೆಲ್ಲ ನಿಜ ಅಂತ ನಿಮಗೆ ಹೇಗೆ ಗೊತ್ತು?' ಯಾರೂ ಬಾಯಿ ಬಿಡಲಿಲ್ಲ. ತಪ್ಪು ಅವರದಾಗಿರಲಿಲ್ಲ. ಆ ಪ್ರಶ್ನೆ ಹುಟ್ಟುವಂಥ ಕೆಲಸವನ್ನೇ ನಾನು ಕೊಟ್ಟಿರಲಿಲ್ಲ.

ಮುಂದಿನ ವರ್ಷದಿಂದ ವಿಷಯ ಹಂಚುವುದನ್ನು ಬಿಟ್ಟೆ. ಒಂದು ಗುಂಪಿಗೆ ಒಂದು ಸಂಶೋಧನಾ ಪೇಪರ್, ಅಷ್ಟೇ. ಸಂಶೋಧಕರು ಏನು ಕಂಡರು ಅನ್ನುವುದಕ್ಕಿಂತ ಹೇಗೆ ಕಂಡುಕೊಂಡರು ಅನ್ನುವುದನ್ನು ತರಗತಿಗೆ ಅರ್ಥ ಮಾಡಿಸಬೇಕು. ಎಷ್ಟು ಜನರನ್ನು ನೋಡಿದರು, ಎಷ್ಟು ಕಾಲ ನೋಡಿದರು, ಯಾರನ್ನು ಯಾರ ಜೊತೆ ಹೋಲಿಸಿದರು, ಫಲಿತಾಂಶಕ್ಕೆ ಬೇರೆ ಕಾರಣ ಇರಬಹುದಾ.

ಈ ಬದಲಾವಣೆ ಎಷ್ಟು ಒಳ್ಳೆಯದು ಅಂತ ನನಗೆ ತೋರಿಸಿಕೊಟ್ಟಿದ್ದು ಬಸ್ಸಿನ ಪೇಪರ್. ಲಂಡನ್ನಿನಲ್ಲಿ ಜೆರೆಮಿ ಮಾರಿಸ್ ಮತ್ತು ಜೊತೆಗಾರರು ಮಾಡಿದ ಅಧ್ಯಯನ ಅದು, 1953ರಲ್ಲಿ ಪ್ರಕಟವಾಯಿತು. ಆಗಿನ ಡಬಲ್ ಡೆಕ್ಕರ್ ಬಸ್ಸಿನಲ್ಲಿ ಡ್ರೈವರ್ ಇಡೀ ದಿನ ಕೂತಿರುತ್ತಿದ್ದ. ಕಂಡಕ್ಟರ್ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಇಬ್ಬರಿಗೂ ಅದೇ ಊರು, ಅದೇ ಬಸ್ಸು. ಆದರೂ ಹೃದಯದ ಕಾಯಿಲೆ ಕಂಡಕ್ಟರುಗಳಲ್ಲಿ ಕಡಿಮೆ. ಗುಂಪಿನವರು ಖುಷಿಯಾಗಿಬಿಟ್ಟರು. ಮೆಟ್ಟಿಲು ಹತ್ತಿದರೆ ಹೃದಯ ಉಳಿಯುತ್ತದೆ ಅಂತ ಕೊನೆಯ ಸ್ಲೈಡೂ ಬರೆದಾಯಿತು.

ಆಗ ಅವರ ಕೈಗೆ ಅದೇ ತಂಡದ 1956ರ ಪೇಪರ್ ಕೊಟ್ಟೆ. ಅದರಲ್ಲಿ ಸಂಶೋಧಕರು ನೋಡಿದ್ದು ಸಮವಸ್ತ್ರಗಳ ಅಳತೆಗಳನ್ನು. ಪ್ಯಾಂಟಿನ ಸೊಂಟದ ಅಳತೆ ನೋಡಿದರೆ ಡ್ರೈವರುಗಳು ಕಂಡಕ್ಟರುಗಳಿಗಿಂತ ದಪ್ಪ. ಚಿಕ್ಕ ವಯಸ್ಸಿನವರಲ್ಲೂ ಹಾಗೇ. ಅಂದರೆ ವರ್ಷಾನುಗಟ್ಟಲೆ ಕೂತು ದಪ್ಪಗಾದರು ಅಂತ ಮಾತ್ರ ಹೇಳಲು ಬರುವುದಿಲ್ಲ. ಎರಡೂ ಕೆಲಸಕ್ಕೆ ಬರುವವರೇ ಬೇರೆ ಬೇರೆ ಥರದವರು ಇರಬಹುದು, ಅಲ್ವಾ?

ಮೂರು ದಿನ ಆ ಗುಂಪಿನಲ್ಲಿ ವಾದ ನಡೆಯಿತು. 'ಹಾಗಾದರೆ ಮೊದಲ ಪೇಪರ್ ತಪ್ಪಾ, ಮೇಡಂ?' ಅಂತ ಒಬ್ಬ ಬೇಸರದಿಂದಲೇ ಕೇಳಿದ. ತಪ್ಪಲ್ಲ, ಅದೊಂದೇ ಸಾಲದು ಅಂದೆ. ಮಾರಿಸ್ ಆಮೇಲೂ ಹುಡುಕುತ್ತಲೇ ಇದ್ದರು. 1973ರ ಪೇಪರಿನಲ್ಲಿ ಅವರು ನೋಡಿದ್ದು ಕೂತು ಕೆಲಸ ಮಾಡುವ ಸರ್ಕಾರಿ ನೌಕರರನ್ನು. ಅವರಲ್ಲೂ ಬಿಡುವಿನಲ್ಲಿ ಮೈ ದಣಿಯುವಷ್ಟು ವ್ಯಾಯಾಮ ಮಾಡುವವರಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ಈ ಸಲ ಕೆಲಸ ಒಂದೇ ಥರದ್ದು, ವ್ಯತ್ಯಾಸ ಬಿಡುವಿನ ವೇಳೆಯಲ್ಲಿ. ಅದನ್ನು ಗುಂಪಿನವರು ತಾವೇ ಗುರುತಿಸಿದರು. ಪ್ರೆಸೆಂಟೇಶನ್ ದಿನ ಒಬ್ಬ ಹುಡುಗಿ ಏನೂ ಹೇಳದೆ ಎರಡು ಅಳತೆಯ ಎರಡು ಪ್ಯಾಂಟುಗಳನ್ನು ಮೇಜಿನ ಮೇಲೆ ಹರಡಿದಳು. ತರಗತಿ ಪೂರ್ತಿ ಮುಂದಕ್ಕೆ ಬಾಗಿ ನೋಡಿತು. ಆ ಹದಿನೈದು ನಿಮಿಷ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇನ್ನೊಂದು ಗುಂಪಿಗೆ ದಿನಕ್ಕೆ 10,000 ಹೆಜ್ಜೆಯ ಮಾತು ಎಲ್ಲಿಂದ ಬಂತು ಅಂತ ಹುಡುಕಲು ಹೇಳಿದೆ. ಅದರ ಮೂಲ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಲ್ಲಿದೆ; ಆ ಹೆಸರಿನ ಅರ್ಥವೇ 'ಹತ್ತು ಸಾವಿರ ಹೆಜ್ಜೆಯ ಮಾಪಕ'. ಜೊತೆಗೆ 2019ರ ಒಂದು ಪೇಪರ್ ಕೊಟ್ಟಿದ್ದೆ. ಸುಮಾರು 17,000 ಮಹಿಳೆಯರು, ಸರಾಸರಿ ವಯಸ್ಸು 72. ಹೆಜ್ಜೆ ಜಾಸ್ತಿಯಾದಂತೆ ಸಾವಿನ ಪ್ರಮಾಣ ಇಳಿಯುತ್ತಾ ಹೋಗಿ, ಸುಮಾರು 7,500 ಹೆಜ್ಜೆಯ ಹತ್ತಿರ ಆ ಇಳಿತ ನಿಂತಿತು. 'ಇದು ನಮ್ಮ ವಯಸ್ಸಿನವರಿಗೆ ಅನ್ವಯಿಸುತ್ತಾ?' 'ಮೊದಲೇ ಹುಷಾರಿಲ್ಲದವರು ಕಡಿಮೆ ನಡೆದಿರಬಹುದಲ್ವಾ?' ಎರಡೂ ಪ್ರಶ್ನೆ ಕೇಳುಗರ ಕಡೆಯಿಂದಲೇ ಬಂದವು.

ಆಹಾರದ ಪೇಪರುಗಳು ಇದಕ್ಕಿಂತ ಕಷ್ಟ. ಜನ ಏನು ತಿಂದರು ಅಂತ ತಿಳಿಯುವುದೇ ದೊಡ್ಡ ಸಮಸ್ಯೆ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಮಾಡಿಸುವುದು ಒಳ್ಳೆಯದು. ಮೊನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ತಿಂದದ್ದನ್ನೆಲ್ಲ ಅಳತೆ ಸಮೇತ ಬರೆಯಿರಿ ಅಂದೆ. ಬರೆದ ಹಾಳೆ ಅವರ ಹತ್ತಿರವೇ ಇರಲಿ, ನನಗೆ ಬೇಡ. ಎರಡು ನಿಮಿಷಕ್ಕೆ ಪೆನ್ನುಗಳು ನಿಂತವು. ಅದಾದ ಮೇಲೆ ಕೆವಿನ್ ಹಾಲ್ ತಂಡದ 2019ರ ಅಧ್ಯಯನಕ್ಕೆ ಬಂದೆವು. ಅಮೆರಿಕದಲ್ಲಿ 20 ಜನರನ್ನು ಸಂಶೋಧನಾ ಕೇಂದ್ರದಲ್ಲೇ ಇರಿಸಿಕೊಂಡು, ಎರಡು ವಾರ ಅತಿ ಸಂಸ್ಕರಿತ ಆಹಾರ (ಕಾರ್ಖಾನೆಯಲ್ಲಿ ತಯಾರಾಗುವ ಪ್ಯಾಕೆಟ್ ತಿನಿಸಿನಂಥದ್ದು), ಎರಡು ವಾರ ಕಡಿಮೆ ಸಂಸ್ಕರಿಸಿದ ಆಹಾರ ಕೊಟ್ಟರು. ಮುಂದಿಟ್ಟ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎರಡೂ ಕಡೆ ಸಮ. ಬೇಕಾದಷ್ಟು ತಿನ್ನಬಹುದು. ಅತಿ ಸಂಸ್ಕರಿತ ಆಹಾರ ಕೊಟ್ಟಾಗ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ತೂಕ ಸುಮಾರು 0.9 ಕಿಲೋ ಏರಿತು. ಬರೀ 20 ಜನ ಸಾಕಾ ಅಂತ ಮೊದಲು ಎಲ್ಲರಿಗೂ ಅನುಮಾನ. ಆದರೆ ನೆನಪಿನಿಂದ ಬರೆಯುವ ಪಾಡು ಆಗಷ್ಟೇ ಅನುಭವಿಸಿದ್ದರಿಂದ, ಪ್ರತಿ ತುತ್ತಿನ ಲೆಕ್ಕ ಇಟ್ಟದ್ದರ ಬೆಲೆ ಅವರಿಗೆ ತಾನಾಗಿ ತಿಳಿಯಿತು.

ಒಂದು ನಿಯಮವನ್ನು ಮಾತ್ರ ನಾನು ಯಾವತ್ತೂ ಸಡಿಲಿಸುವುದಿಲ್ಲ. ತರಗತಿಯ ಯಾರ ತೂಕ, ಸೊಂಟ, ಮೈಕಟ್ಟೂ ಉದಾಹರಣೆಯಾಗಬಾರದು. ಮೊದಲ ವರ್ಷ ಒಂದು ಗುಂಪು ಸಹಪಾಠಿಗಳ ತೂಕ ಕೇಳಿ ಪಟ್ಟಿ ಮಾಡಿ ಪರದೆಯ ಮೇಲೆ ತೋರಿಸಿತ್ತು. ಹೆಸರಿರಲಿಲ್ಲ, ಆದರೂ ಯಾರದು ಅಂತ ಎಲ್ಲರಿಗೂ ಗೊತ್ತಾಯಿತು. ಒಬ್ಬ ಹುಡುಗಿ ತಲೆ ತಗ್ಗಿಸಿ ಕೂತಳು. ಆ ಸ್ಲೈಡನ್ನು ನಾನು ಮೊದಲೇ ನೋಡಬೇಕಿತ್ತು.

ಈಗ ನೋಡುತ್ತೇನೆ. ಪ್ರೆಸೆಂಟೇಶನ್‌ಗೆ ಒಂದು ವಾರ ಮೊದಲು ಪ್ರತಿ ಗುಂಪಿನ ಜೊತೆ ಇಪ್ಪತ್ತು ನಿಮಿಷ ಕೂರುತ್ತೇನೆ. ಸ್ಲೈಡುಗಳ ಮೇಲೆ ಕಣ್ಣಾಡಿಸಿ ಲ್ಯಾಪ್‌ಟಾಪ್ ಮುಚ್ಚಿಸುತ್ತೇನೆ. ಆಮೇಲೆ ಸುಮ್ನೆ ಕಥೆ ಹೇಳಿದ ಹಾಗೆ ಪೇಪರನ್ನು ಹೇಳಬೇಕು. ಎಲ್ಲಿ ತಡವರಿಸುತ್ತಾರೋ ಅಲ್ಲಿ ಅರ್ಥವಾಗಿಲ್ಲ. ಅಪಾಯ ಅರ್ಧಕ್ಕೆ ಇಳಿಯಿತು ಅಂದರೆ, ಎಷ್ಟರಲ್ಲಿ ಅರ್ಧ ಅಂತ ಕೇಳುತ್ತೇನೆ. ಸಾವಿರಕ್ಕೆ 2 ಇದ್ದದ್ದು 1 ಆದರೂ ಅರ್ಧ, 200 ಇದ್ದದ್ದು 100 ಆದರೂ ಅರ್ಧ. ನನ್ನ ಇಡೀ ವರ್ಷದ ಪಾಠದಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಈ ಇಪ್ಪತ್ತು ನಿಮಿಷ ಅಂತ ನನ್ನ ನಂಬಿಕೆ.

ಗುಂಪಿನಲ್ಲಿ ಇಬ್ಬರು ದುಡಿದು ಮೂವರು ಸುಮ್ಮನೆ ನಿಲ್ಲುವ ತೊಂದರೆ ಎಲ್ಲ ಕಡೆಯೂ ಇದೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗೆಲ್‌ಮನ್ ಹಗ್ಗ ಎಳೆಸಿ ನೋಡಿ, ಜನ ಜಾಸ್ತಿಯಾದಂತೆ ಒಬ್ಬೊಬ್ಬರ ಎಳೆತ ಕಡಿಮೆಯಾಗುತ್ತದೆ ಅಂತ 1913ರಲ್ಲೇ ಬರೆದಿದ್ದರು. ಇದಕ್ಕೆ ನಾನು ಚೀಟಿ ಎತ್ತಿಸುತ್ತೇನೆ. ಯಾವ ಭಾಗ ಯಾರು ಹೇಳಬೇಕು ಅನ್ನುವುದು ಅದೇ ದಿನ ಗೊತ್ತಾಗುತ್ತದೆ, ಹಾಗಾಗಿ ಎಲ್ಲರೂ ಎಲ್ಲವನ್ನೂ ಓದಿರಬೇಕು. ಮಾತಾಡಲು ತುಂಬ ಹೆದರುವವರಿಗೆ ಕೈಯಲ್ಲಿ ಒಂದು ಟಿಪ್ಪಣಿ ಇಟ್ಟುಕೊಳ್ಳಲು ಬಿಡುತ್ತೇನೆ. ಕೇಳುವವರು ತಲಾ ಒಂದು ಪ್ರಶ್ನೆ ಬರೆದು ಕೊಡಬೇಕು, ಅದಕ್ಕೂ ಅಂಕ ಇದೆ.

ಈ ಸಲ ಮೊದಲ ಗುಂಪಿಗೆ ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ ಅವರ ಪ್ರಯೋಗ ಕೊಡುತ್ತಿದ್ದೇನೆ. 1747ರಲ್ಲಿ ಹಡಗಿನಲ್ಲಿ ಸ್ಕರ್ವಿ (ವಿಟಮಿನ್ ಸಿ ಕೊರತೆಯಿಂದ ಬರುವ ಕಾಯಿಲೆ) ಬಂದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟವರು. ಕಿತ್ತಳೆ, ನಿಂಬೆ ತಿಂದ ಇಬ್ಬರು ಬೇಗ ಚೇತರಿಸಿಕೊಂಡರು. 1753ರಲ್ಲಿ ಪುಸ್ತಕವೂ ಬಂತು. ಆದರೆ ಬ್ರಿಟಿಷ್ ನೌಕಾಪಡೆ ತನ್ನ ಹಡಗುಗಳಿಗೆ ನಿಂಬೆರಸ ಕೊಡಬೇಕು ಅಂತ ಆದೇಶ ಮಾಡಿದ್ದು 1795ರಲ್ಲಿ. ನಡುವಿನ 42 ವರ್ಷ ಏನಾಯಿತು ಅಂತ ಗುಂಪು ಹುಡುಕುತ್ತಿದೆ. ಬುಧವಾರ ಅವರ ಜೊತೆ ಇಪ್ಪತ್ತು ನಿಮಿಷ ಕೂರಬೇಕು.