ಎಕ್ಸ್‌ಪ್ಲೋರರ್ ಇಲ್ಲದ ವಿಂಡೋಸ್: ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಕಂಪ್ಯೂಟರ್ ವೇಗ ಆಗಲಿ ಅಂತ ಎಕ್ಸ್‌ಪ್ಲೋರರ್ ತೆಗೆದು ಬೇರೆ ಪ್ರೋಗ್ರಾಮ್ ಕೂರಿಸುವ ಈ ಕೆಲಸಕ್ಕೆ ಕೈ ಹಾಕಬೇಡಿ. ಟಾಸ್ಕ್‌ಬಾರ್, ಸ್ಟಾರ್ಟ್ ಮೆನು ಎಲ್ಲ ತೆಗೆದರೂ ಉಳಿತಾಯ ಆಗುವ ಮೆಮೊರಿ ಸ್ವಲ್ಪವೇ. ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಅದೂ ಹೋಯಿತು. ನನಗೆ ಬೇಕಾಗಿದ್ದು ಖಾಲಿ ಪರದೆ. ಬರೆಯುತ್ತಾ ಕೂತಾಗ ಮೂಲೆಯಲ್ಲಿ ಏನೋ ಮಿನುಗುವುದು, ಕೇಳದೇ ಇದ್ದರೂ ಹವಾಮಾನ ತೋರಿಸುವುದು, ಇದೆಲ್ಲ ಸಾಕಾಗಿತ್ತು.

ನಾವು ಡೆಸ್ಕ್‌ಟಾಪ್ ಅಂತ ನೋಡುವುದೆಲ್ಲ ಹೆಚ್ಚು ಕಡಿಮೆ ಎಕ್ಸ್‌ಪ್ಲೋರರ್ ಎಂಬ ಒಂದು ಪ್ರೋಗ್ರಾಮ್‌ನ ಕೆಲಸ. ಲಾಗಿನ್ ಆದ ಕೂಡಲೇ ಯೂಸರ್‌ಇನಿಟ್ ಎಂಬ ವಿಂಡೋಸ್‌ನದೇ ಪ್ರೋಗ್ರಾಮ್ ರಿಜಿಸ್ಟ್ರಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಕಡತ, ನೋಡಿ, ಅಲ್ಲಿ ಶೆಲ್ ಎಂಬ ಹೆಸರಿನ ಎದುರು ಏನು ಬರೆದಿದೆಯೋ ಅದನ್ನು ಶುರು ಮಾಡುತ್ತದೆ. ಅಲ್ಲಿ ಬೇರೆ ಪ್ರೋಗ್ರಾಮ್‌ನ ಹೆಸರು ಬರೆದರೆ ಅದೇ ನಿಮ್ಮ ಶೆಲ್, ಅಂದರೆ ಡೆಸ್ಕ್‌ಟಾಪ್ ನಡೆಸುವ ಪ್ರೋಗ್ರಾಮ್. ಹೊಸದೇನಲ್ಲ, ವಿಂಡೋಸ್ 3.1 ಕಾಲದಲ್ಲೇ ಸಿಸ್ಟಮ್ ಡಾಟ್ ಐಎನ್‌ಐ ಫೈಲಿನಲ್ಲಿ ಇದಕ್ಕೆ ಒಂದು ಸಾಲು ಇತ್ತು.

ಎಕ್ಸ್‌ಪ್ಲೋರರ್ ಬದಲಿಗೆ ಹಾಕುವ ಶೆಲ್‌ಗಳಲ್ಲಿ ಲೈಟ್‌ಸ್ಟೆಪ್ ನೋಡಿದೆ, ಅದರಲ್ಲಿ ಥೀಮ್ ಜೋಡಿಸುವುದೇ ಒಂದು ಹವ್ಯಾಸ ಆಗಿಬಿಡುತ್ತದೆ. ಕೈರೋ ಚೆನ್ನಾಗಿದೆ, ಆದರೆ ನನಗೆ ಬೇಕಿದ್ದಕ್ಕಿಂತ ಜಾಸ್ತಿ. ಕೊನೆಗೆ ಬಿಬಿಲೀನ್ ಹಾಕಿಕೊಂಡೆ. ಲಿನಕ್ಸ್ ಕಡೆಯ ಬ್ಲ್ಯಾಕ್‌ಬಾಕ್ಸ್ ಎಂಬ ಸರಳ ಡೆಸ್ಕ್‌ಟಾಪ್‌ನ ಶೈಲಿಯನ್ನು ವಿಂಡೋಸ್‌ಗೆ ತಂದದ್ದು ಅದು. ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿದರೆ ಮೆನು, ಕೆಳಗೆ ತೆಳು ಪಟ್ಟಿ, ಅಷ್ಟೇ. ಮೆನು ಎಂದರೆ ಒಂದು ಸಾದಾ ಟೆಕ್ಸ್ಟ್ ಫೈಲ್. ಒಂದು ಸಾಲಿಗೆ ಒಂದು ಪ್ರೋಗ್ರಾಮ್ ಬರೆದುಕೊಳ್ಳಬೇಕು. ನಾನು ದಿನಾ ಬಳಸುವವು ಎಷ್ಟು ಕಡಿಮೆ ಅನ್ನುವುದು ಅದನ್ನು ಬರೆಯುವಾಗಲೇ ತಿಳಿಯಿತು.

ಇಲ್ಲಿ ಒಂದು ಎಚ್ಚರಿಕೆ. ರಿಜಿಸ್ಟ್ರಿಯಲ್ಲಿ ಇಡೀ ಮಷಿನ್‌ಗೆ ಸೇರಿದ ಭಾಗವನ್ನು ಮುಟ್ಟಬೇಡಿ. ಹೊಸದೊಂದು ಯೂಸರ್ ಅಕೌಂಟ್ ಮಾಡಿ, ಅದರಿಂದ ಲಾಗಿನ್ ಆಗಿ, ಕರೆಂಟ್ ಯೂಸರ್ ಕೆಳಗಿನ ವಿಂಡೋಸ್ ಎನ್‌ಟಿ, ಕರೆಂಟ್ ವರ್ಷನ್, ವಿನ್‌ಲಾಗಾನ್ ಎಂಬಲ್ಲಿ ಶೆಲ್ ಎಂಬ ಹೆಸರು ಸೇರಿಸಿ ಬಿಬಿಲೀನ್‌ನ ಪೂರ್ತಿ ವಿಳಾಸ ಕೊಡಿ. ಹಳೆಯ ಅಕೌಂಟ್ ಹಾಗೇ ಇರುತ್ತದೆ. ಏನಾದರೂ ಕೆಟ್ಟು ಬರೀ ಕಪ್ಪು ಪರದೆ ಬಂದರೂ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ, ಅಲ್ಲಿಂದ ರಿಜಿಸ್ಟ್ರಿ ತಿದ್ದುವ ರೆಜೆಡಿಟ್ ತೆರೆದು ಆ ಹೆಸರನ್ನು ಅಳಿಸಿದರೆ ಮುಗಿಯಿತು.

ಎಕ್ಸ್‌ಪ್ಲೋರರ್ ಸದ್ದಿಲ್ಲದೆ ಏನೇನು ಮಾಡುತ್ತಿತ್ತು ಅನ್ನುವುದು ಅದು ಹೋದ ಮೇಲೇ ಗೊತ್ತಾಗುವುದು. ವಿಂಡೋಸ್ ಕೀ ಜೊತೆ ಆರ್ ಒತ್ತಿದರೆ ಏನೂ ಆಗುವುದಿಲ್ಲ, ಇ ಒತ್ತಿದರೂ ಅಷ್ಟೇ, ಆದರೆ ಎಲ್ ಒತ್ತಿದರೆ ಪರದೆ ಲಾಕ್ ಆಗುತ್ತದೆ, ಯಾಕೆಂದರೆ ಅದು ಎಕ್ಸ್‌ಪ್ಲೋರರ್ ಕೈಯಲ್ಲಿ ಇಲ್ಲ. ಕೀಬೋರ್ಡಿನ ವಾಲ್ಯೂಮ್ ಬಟನ್ ಕೂಡ ಸುಮ್ಮನಾಯಿತು! ಇವನ್ನೆಲ್ಲ ಕೀಗಳಿಗೆ ಬೇಕಾದ ಕೆಲಸ ಹಚ್ಚುವ ಆಟೋಹಾಟ್‌ಕೀ ಎಂಬ ಪ್ರೋಗ್ರಾಮ್‌ನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಬರೆದು ವಾಪಸ್ ತಂದೆ. ಲಾಗಿನ್ ಆದಾಗ ತಾವಾಗಿ ಏಳುವ ಪ್ರೋಗ್ರಾಮ್‌ಗಳನ್ನು ಶುರು ಮಾಡುವುದೂ ಶೆಲ್‌ನ ಕೆಲಸವೇ. ಬಿಬಿಲೀನ್ ಅದನ್ನು ಮಾಡುತ್ತದೆ, ಬೇಡ ಅಂದರೆ ಬಿಡುತ್ತದೆ. ನಾನು ಬೇಡ ಅಂದೆ. ಬೇಕಾದ ಒಂದೆರಡನ್ನು, ಹೇಳಿದ ಹೊತ್ತಿಗೆ ಪ್ರೋಗ್ರಾಮ್ ಶುರು ಮಾಡುವ ವಿಂಡೋಸ್‌ನದೇ ಟಾಸ್ಕ್ ಶೆಡ್ಯೂಲರ್‌ಗೆ ಒಪ್ಪಿಸಿದೆ, ಅದಕ್ಕೆ ಎಕ್ಸ್‌ಪ್ಲೋರರ್ ಹಂಗಿಲ್ಲ.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಟ್ರೇ ಐಕಾನ್‌ಗಳ, ಅಂದರೆ ಗಡಿಯಾರದ ಪಕ್ಕ ಕೂರುವ ಸಣ್ಣ ಚಿತ್ರಗಳ, ವಿಷಯ. ಒಂದು ಪ್ರೋಗ್ರಾಮ್ ತನ್ನ ಐಕಾನ್ ತೋರಿಸಬೇಕಾದಾಗ ಆ ಕೋರಿಕೆ ಶೆಲ್ ಟ್ರೇ ಎಂಬ ಹೆಸರು ಹೊತ್ತ ವಿಂಡೋ ಒಂದಕ್ಕೆ ಹೋಗುತ್ತದೆ. ಹೊಸ ಶೆಲ್ ಅದೇ ಹೆಸರಿನ ವಿಂಡೋ ಮಾಡಿ ಕೂತರೆ ಸಾಕು, ಕೋರಿಕೆ ಅದಕ್ಕೇ ಬರುತ್ತದೆ, ಕಳಿಸಿದ ಪ್ರೋಗ್ರಾಮ್‌ಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಮಜಾ ಅಲ್ವಾ? ಆದರೆ ವಾಲ್ಯೂಮ್, ವೈಫೈ, ಬ್ಯಾಟರಿ ಐಕಾನ್‌ಗಳು ಎಕ್ಸ್‌ಪ್ಲೋರರ್ ಒಳಗೇ ಇರುವವು, ಹಾಗಾಗಿ ಅವು ಬರಲಿಲ್ಲ. ವೈಫೈ ಮಾತ್ರ ಹಿಂದೆ ಸರ್ವಿಸ್ ಆಗಿ ನಡೆಯುತ್ತಲೇ ಇರುತ್ತದೆ, ಒಮ್ಮೆ ಪಾಸ್‌ವರ್ಡ್ ಕೊಟ್ಟ ನೆಟ್‌ವರ್ಕ್‌ಗೆ ತಾನೇ ಸೇರಿಕೊಳ್ಳುತ್ತದೆ.

ಒಪ್ಪಿಕೊಳ್ಳಬೇಕಾದ ಕೊರತೆಗಳೂ ಇವೆ. ವಿಂಡೋಸ್ 10ರ ಸೆಟ್ಟಿಂಗ್ಸ್ ಮತ್ತು ಸ್ಟೋರ್‌ನಿಂದ ಬರುವ ಆ ಜಾತಿಯ ಆ್ಯಪ್‌ಗಳಿಗೆ ಎಕ್ಸ್‌ಪ್ಲೋರರ್ ಶೆಲ್ ಆಗಿ ಇರಲೇಬೇಕು. ಅವು ಬೇಕಾದಾಗ ನಾನು ಹಳೆಯ ಅಕೌಂಟ್‌ಗೆ ಹೋಗುತ್ತೇನೆ. ದಿನಾ ಅಂಥ ಆ್ಯಪ್ ಬಳಸುವವರಿಗೆ ಇದು ಬರೀ ತಲೆನೋವು. ಇನ್ನು ಬಿಬಿಲೀನ್ ಹಳೆಯ ಕಾಲದ್ದು, ಈಗಿನ ಹೆಚ್ಚು ರೆಸಲ್ಯೂಶನ್ ಪರದೆಯಲ್ಲಿ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತದೆ. ಸ್ಟೈಲ್ ಫೈಲಿನಲ್ಲಿ ಫಾಂಟ್ ಹೈಟ್ ಎಂಬ ಸಾಲುಗಳಿವೆ, ಮೆನುಗೆ ಬೇರೆ, ಪಟ್ಟಿಗೆ ಬೇರೆ, ಎರಡನ್ನೂ ಏರಿಸಿ ಶೆಲ್ ಅನ್ನು ರೀಸ್ಟಾರ್ಟ್ ಮಾಡಿಕೊಳ್ಳಿ.