ನರತುದಿಯ ಪ್ರೋಟೀನ್ ಕೈಕೊಟ್ಟರೆ ಏನಾಗುತ್ತದೆ? ಹಣ್ಣುನೊಣದಲ್ಲಿ ನೋಡುವ ಬಗೆ

ನರತುದಿಯೊಳಗೆ ನರಪ್ರೇಷಕವನ್ನು (ಮುಂದಿನ ಕೋಶಕ್ಕೆ ಸಂದೇಶ ಒಯ್ಯುವ ರಾಸಾಯನಿಕ) ತುಂಬಿಕೊಂಡ ಪುಟ್ಟ ಚೀಲವೇ ವೆಸಿಕಲ್. ಅದು ಸುಮಾರು 40 ನ್ಯಾನೋಮೀಟರ್ ಅಗಲ, ಕಾಲೇಜಿನ ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ. ಆದರೂ ಅದನ್ನು ನಡೆಸುವ ಪ್ರೋಟೀನ್ ನಿಂತಾಗ ಏನಾಗುತ್ತದೆಂದು ನನ್ನ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಬರಿಗಣ್ಣಿಗೇ ತೋರಿಸುತ್ತೇನೆ. ಎರಡು ವಾಟರ್ ಬಾತ್, ಒಂದು ಸ್ಟಾಪ್‌ವಾಚ್, ಮೂರು ಬಗೆಯ ನೊಣ ಇದ್ದರೆ ಆಯಿತು.

ಮೊದಲನೆಯದು ಸಾಮಾನ್ಯ ನೊಣ ಕ್ಯಾಂಟನ್-ಎಸ್. ಎರಡನೆಯದು ಶಿಬಿರೆ ಟಿಎಸ್1 ಎಂಬ ರೂಪಾಂತರಿ (ಮ್ಯೂಟೆಂಟ್) ನೊಣ. ಬಿಸಿ ತಾಗಿದರೆ ಅದರ ಡೈನಮಿನ್ ಎಂಬ ಪ್ರೋಟೀನ್ ಕೆಲಸ ನಿಲ್ಲಿಸುತ್ತದೆ. ಮೂರನೆಯದು ಕೊಮಟೋಸ್ ಎಂಬ ಇನ್ನೊಂದು ರೂಪಾಂತರಿ, ಅದರಲ್ಲಿ ನಿಲ್ಲುವುದು ಎನ್‌ಎಸ್‌ಎಫ್ ಎಂಬ ಪ್ರೋಟೀನ್. ಈ ಎರಡೂ ಪ್ರೋಟೀನುಗಳು ನಮ್ಮ ಮಿದುಳಿನ ನರತುದಿಗಳಲ್ಲೂ ನೊಣದಲ್ಲಿ ಮಾಡುವ ಕೆಲಸವನ್ನೇ ಮಾಡುತ್ತವೆ. ಆ ಕೆಲಸವೇನೆಂದು ಮುಂದೆ ಹೇಳುತ್ತೇನೆ.

ನೊಣಗಳನ್ನು 20 ಡಿಗ್ರಿ ಆಸುಪಾಸಿನಲ್ಲಿ ಸಾಕಿ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ ಕೋಣೆಯೇ 29 ಡಿಗ್ರಿ ದಾಟುತ್ತದೆ, ಆಗ ಶಿಬಿರೆ ಮೇಜಿನ ಮೇಲೇ ಬಿದ್ದುಬಿಡಬಹುದು. ಪ್ರಯೋಗದ ದಿನ ಈಥರ್ ಕೊಡಬೇಡಿ. ನೊಣ ಬಿದ್ದದ್ದು ಮತ್ತಿನಿಂದಲೋ ಬಿಸಿಯಿಂದಲೋ ತಿಳಿಯದಂತಾಗುತ್ತದೆ. ಖಾಲಿ ವಯಲ್‌ಗಳನ್ನು (ನೊಣ ಹಾಕುವ ಪುಟ್ಟ ಸೀಸೆಗಳು) ಮೊದಲೇ ನೀರಿನಲ್ಲಿಟ್ಟು ಬಿಸಿ ಮಾಡಿಕೊಳ್ಳಿ. ಹತ್ತತ್ತು ನೊಣ ತಟ್ಟಿ ಹಾಕಿ, ಬಾಯಿಗೆ ಮುಚ್ಚಿದ ಹತ್ತಿಯ ಬಿರಡೆಯನ್ನು ನೀರಿನ ಮಟ್ಟಕ್ಕಿಂತ ಕೆಳಗೆ ತಳ್ಳಿ. ಇಲ್ಲದಿದ್ದರೆ ಅವು ಮೇಲಿನ ತಂಪಿಗೆ ಹತ್ತಿ ಕೂತುಬಿಡುತ್ತವೆ.

ಮೊದಲು 30 ಡಿಗ್ರಿ. ಉಳಿದೆರಡು ಬಗೆ ಆರಾಮಾಗಿ ಓಡಾಡುತ್ತಿರುವಾಗಲೇ ಶಿಬಿರೆ ಒಂದೆರಡು ನಿಮಿಷದಲ್ಲಿ ಅಂಗಾತ ಬೀಳುತ್ತದೆ. ನರಪ್ರೇಷಕವನ್ನು ಹೊರಹಾಕಿದ ವೆಸಿಕಲ್‌ನ ಪೊರೆಯನ್ನು ಒಳಗೆಳೆದು, ಅದರ ಕತ್ತನ್ನು ಹಿಂಡಿ ಬಿಡಿಸಿಕೊಳ್ಳುವುದು ಡೈನಮಿನ್. ಅದಿಲ್ಲದೆ ನರತುದಿ ಇದ್ದ ವೆಸಿಕಲ್‌ಗಳನ್ನೆಲ್ಲ ಖರ್ಚು ಮಾಡಿಕೊಂಡು ಬರಿದಾಗುತ್ತದೆ. ವಯಲ್ ಹೊರತೆಗೆಯಿರಿ, ಬೇಗನೆ ಎದ್ದು ನಡೆಯುತ್ತವೆ.

ಮುಂದೆ ಕೊಮಟೋಸ್ ಮತ್ತು ಕ್ಯಾಂಟನ್-ಎಸ್ ಮಾತ್ರ, 38 ಡಿಗ್ರಿಗೆ. ಕೆಲವೇ ನಿಮಿಷ ಸಾಕು, ಹೆಚ್ಚಾದರೆ ಸಾಮಾನ್ಯ ನೊಣವೂ ಬಳಲುತ್ತದೆ. ಕೊಮಟೋಸ್ ಬಿದ್ದ ರೀತಿ ಶಿಬಿರೆಯಂತೆಯೇ ಕಾಣುತ್ತದೆ, ಒಳಗಿನ ಸ್ಥಿತಿ ಮಾತ್ರ ತದ್ವಿರುದ್ಧ. ವೆಸಿಕಲ್ ಪೊರೆಗೆ ಬೆಸೆಯುವಾಗ ಸಿಂಟ್ಯಾಕ್ಸಿನ್, ಸ್ನ್ಯಾಪ್-25, ಸಿನಾಪ್ಟೊಬ್ರೆವಿನ್ ಎಂಬ ಮೂರು ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಆ ಹೆಣಿಗೆಯನ್ನು ಬಿಚ್ಚಿ ಮರುಬಳಕೆಗೆ ಕೊಡುವುದು ಎನ್‌ಎಸ್‌ಎಫ್. ಅದು ನಿಂತರೆ ವೆಸಿಕಲ್‌ಗಳು ಪೊರೆಯ ಬಳಿ ಬಂದು ಜಮಾಯಿಸುತ್ತವೆ, ಬೆಸೆಯಲಾರವು.

ಸ್ಟಾಪ್‌ವಾಚ್ ಬೇಕಾಗುವುದು ಮುಖ್ಯವಾಗಿ ಈಗ. ವಯಲ್ ತಣ್ಣಗಾದ ಮೇಲೂ ಕೊಮಟೋಸ್ ಬಹಳ ಹೊತ್ತು ಏಳುವುದಿಲ್ಲ. ಬಿಸಿಯಲ್ಲಿ ಹೆಚ್ಚು ಹೊತ್ತು ಇಟ್ಟಷ್ಟೂ ಏಳುವುದು ತಡ. ಬೀಳುವ ಹೊತ್ತನ್ನಷ್ಟೇ ಬರೆದುಕೊಂಡು ಹೋಗುವ ವಿದ್ಯಾರ್ಥಿಗೆ ಪ್ರಯೋಗದ ತಿರುಳೇ ಸಿಕ್ಕುವುದಿಲ್ಲ. ಪ್ರತಿ ನೊಣ ಎದ್ದ ನಿಮಿಷವನ್ನೂ ಬರೆಸಿ. 1976ರಲ್ಲಿ ವಿಜ್ಞಾನಿಗಳಾದ ಒಬೈದ್ ಸಿದ್ದಿಕಿ ಮತ್ತು ಸೀಮೋರ್ ಬೆಂಜರ್ ಇಂಥ ನೊಣಗಳ ನರದೋಷಗಳನ್ನು ವಿವರಿಸಿದರು. ಮುಂದೆ ಬೆಂಗಳೂರಿನಲ್ಲಿ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಕಟ್ಟಿದವರು ಇದೇ ಸಿದ್ದಿಕಿ. ಈ ಮಾತನ್ನು ನಾನು ಪ್ರತಿ ಬ್ಯಾಚಿಗೂ ಹೇಳಿಯೇ ಹೇಳುತ್ತೇನೆ.

ಆಸಕ್ತಿ ಉಳಿದವರಿಗೆ ಮುಂದಿನ ಹೆಜ್ಜೆಯೂ ಇದೆ: ಕೆಟ್ಟ ಡೈನಮಿನ್ ಅನ್ನು ಆಯ್ದ ನರಕೋಶಗಳಲ್ಲಷ್ಟೇ ಇರಿಸುವ, ಕಿತಾಮೊಟೊ ಎಂಬ ವಿಜ್ಞಾನಿ 2001ರಲ್ಲಿ ಪ್ರಕಟಿಸಿದ ವಿಧಾನ. ಅದರಲ್ಲಿ ನೊಣ ಬೀಳುವುದೇ ಬೇಕಿಲ್ಲ. ಬಿಸಿ ಮಾಡಿದಾಗ ಯಾವ ನಡವಳಿಕೆ ತಪ್ಪಿತೆಂದು ನೋಡಿದರೆ ಆ ನರಕೋಶಗಳ ಕೆಲಸವೇನೆಂದು ತಿಳಿಯುತ್ತದೆ.