ಹಳೆ ಮಾರುತಿ ವ್ಯಾನಿನ ಸ್ಟೇರಿಂಗ್ ಬಿಚ್ಚಿ ಸ್ವಿಚ್ ಸರಿಮಾಡಿದ್ದು

ನನ್ನ ಬಳಿ ಇರುವುದು ಓಮ್ನಿ ಅನ್ನುವ ಹೆಸರು ಬರುವ ಮೊದಲಿನ ಮಾರುತಿ ವ್ಯಾನ್. 1984ರಲ್ಲಿ ರಸ್ತೆಗೆ ಬಂದಾಗ ಇದು ಬರೀ ಮಾರುತಿ ವ್ಯಾನ್. ಓಮ್ನಿ ಆದದ್ದು 1988ರಲ್ಲಿ. 2019ರವರೆಗೂ ತಯಾರಾದ ಗಾಡಿ. ಸೀಟಿನ ಕೆಳಗೆ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಮುಂದೆ ಬಾನೆಟ್ಟೇ ಇಲ್ಲ. ಇಷ್ಟು ಸರಳವಾದ ಗಾಡಿಯ ಕೆಲಸವನ್ನು ನಾವೇ ಮಾಡಿಕೊಳ್ಳಬಹುದು ಅನ್ನುವುದು ನನ್ನ ಗಟ್ಟಿ ನಂಬಿಕೆ.

ತೊಂದರೆ ಶುರುವಾದದ್ದು ಡಿಪ್ಪರ್‌ನಿಂದ. ಹೈ ಬೀಮಿನಿಂದ ಲೋ ಬೀಮಿಗೆ ತಂದರೆ ಎರಡೂ ಲೈಟ್ ಆರಿಹೋಗುತ್ತಿದ್ದವು. ಲಿವರನ್ನು ಸ್ವಲ್ಪ ಅಲುಗಿಸಿದರೆ ಮತ್ತೆ ಹತ್ತುತ್ತಿದ್ದವು. ಇಂಡಿಕೇಟರ್ ಕೂಡ ತಾನಾಗಿ ವಾಪಸ್ ಬರುತ್ತಿರಲಿಲ್ಲ. ರಾತ್ರಿ ಘಾಟಿಯಲ್ಲಿ ಹೀಗಾದರೆ ಜೀವಕ್ಕೇ ಅಪಾಯ. ವಿಚಾರಿಸಿದವರೆಲ್ಲ "ಕಾಂಬಿನೇಷನ್ ಸ್ವಿಚ್ ಹೋಗಿದೆ, ಹೊಸದು ಹಾಕಿ" ಅಂದರು. ಲೈಟ್, ಇಂಡಿಕೇಟರ್‌ಗಳ ಲಿವರ್ ಸೇರಿಕೊಂಡಿರುವ ಸ್ವಿಚ್ ಅದು, ಸ್ಟೇರಿಂಗ್ ಚಕ್ರದ ಹಿಂದೆ ಇರುವುದರಿಂದ ತೆಗೆಯಲು ಚಕ್ರವನ್ನೇ ಬಿಚ್ಚಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸದು ಸಿಗುತ್ತದೆ, ಬೆಲೆಯೂ ಹೆಚ್ಚಲ್ಲ. ಆದರೆ ಅಲ್ಲಿ ಕೈಗೆ ಬಂದ ಅಗ್ಗದ ಸ್ವಿಚ್‌ನ ಪ್ಲಾಸ್ಟಿಕ್ ತೀರಾ ತೆಳ್ಳಗಿತ್ತು, ಲಿವರ್ ಸಡಿಲವಾಗಿ ಆಡುತ್ತಿತ್ತು. ಇಷ್ಟು ವರ್ಷ ಬಾಳಿದ ಮೂಲ ಸ್ವಿಚ್ಚನ್ನು ಒಮ್ಮೆಯಾದರೂ ಬಿಚ್ಚಿ ನೋಡದೆ ಎಸೆಯುವುದು ಸರಿಯಲ್ಲ ಅನ್ನಿಸಿತು.

ಮೊದಲಿಗೆ ಒಂದು ಎಚ್ಚರಿಕೆ. ಈ ವ್ಯಾನಿನಲ್ಲಿ ಏರ್‌ಬ್ಯಾಗ್ ಇಲ್ಲ, ಹಾಗಾಗಿ ಕೈ ಹಾಕಿದೆ. ಏರ್‌ಬ್ಯಾಗ್ ಇರುವ ಗಾಡಿಯ ಸ್ಟೇರಿಂಗನ್ನು ಹೀಗೆ ಬಿಚ್ಚಲೇಬೇಡಿ.

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮುಂದಿನ ಗಾಲಿಗಳನ್ನು ನೇರ ಮಾಡಿದೆ. ಬ್ಯಾಟರಿಯ ನೆಗೆಟಿವ್ ತೆಗೆದೆ. ಹಾರ್ನ್ ಸ್ವಿಚ್ ಅಂದರೆ ಒಂದು ವೈರನ್ನು ಅರ್ಥ್‌ಗೆ ತಾಗಿಸುವ ಕೆಲಸ ಅಷ್ಟೇ. ಬ್ಯಾಟರಿ ಹಾಗೇ ಇದ್ದರೆ ಸ್ಪ್ಯಾನರ್ ತಾಗಿದಾಗಲೆಲ್ಲ ಹಾರ್ನ್ ಕೂಗುತ್ತದೆ. ಹಾರ್ನ್ ಪ್ಯಾಡ್ ತೆಗೆದರೆ ನಡುವೆ ದೊಡ್ಡ ನಟ್ ಕಾಣುತ್ತದೆ. ನನ್ನ ಗಾಡಿಗೆ 17 ಎಂಎಂ ಸಾಕೆಟ್ ಸರಿಹೋಯಿತು.

ನಟ್ ಸಡಿಲಿಸುವಾಗ ಸ್ಟೇರಿಂಗ್ ಲಾಕಿನ ಮೇಲೆ ಭಾರ ಬಿಡಬಾರದು. ಆ ಲಾಕ್ ಇರುವುದು ಕಳ್ಳರಿಗಾಗಿ, ನಮ್ಮ ಸ್ಪ್ಯಾನರ್‌ನ ಬಲ ತಡೆಯಲು ಅಲ್ಲ. ಕೀ ತಿರುಗಿಸಿ ಲಾಕ್ ಬಿಡಿಸಿ, ಇನ್ನೊಬ್ಬರಿಗೆ ಸ್ಟೇರಿಂಗ್ ಚಕ್ರವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳಲು ಹೇಳಿದೆ. ನಟ್ ಪೂರ್ತಿ ತೆಗೆಯಲಿಲ್ಲ. ಕೆಲವು ಸುತ್ತು ಹಾಗೇ ಉಳಿಸಿದೆ. ಯಾಕೆಂದರೆ ಎಳೆಯುತ್ತಾ ಇದ್ದಾಗ ಚಕ್ರ ಒಮ್ಮೆಲೇ ಕಿತ್ತು ಬಂದರೆ ನೇರ ಮುಖಕ್ಕೇ ಬಡಿಯುತ್ತದೆ.

ಅದಕ್ಕೂ ಮೊದಲು ಸೆಂಟರ್ ಪಂಚ್‌ನಿಂದ (ಲೋಹದ ಮೇಲೆ ಚುಕ್ಕೆ ಒತ್ತುವ ಚೂಪು ಉಳಿ) ಶಾಫ್ಟಿನ ತುದಿಗೊಂದು, ಅದರ ಎದುರಿಗೇ ಚಕ್ರದ ನಡುಭಾಗವಾದ ಹಬ್‌ಗೊಂದು ಸಣ್ಣ ಗುರುತು ಹಾಕಿದೆ. ಮೆಲ್ಲಗೆ ತಟ್ಟಿದರೆ ಸಾಕು. ಚಕ್ರ ಕೂರುವುದು ಸಣ್ಣ ಹಲ್ಲುಗಳ ಮೇಲೆ. ಒಂದೇ ಹಲ್ಲು ಆಚೀಚೆ ಆದರೂ ಗಾಡಿ ನೇರ ಹೋಗುವಾಗ ಸ್ಟೇರಿಂಗ್ ಸೊಟ್ಟ ಕಾಣುತ್ತದೆ. ಆಮೇಲೆ ಯಾರೋ ಅಲೈನ್‌ಮೆಂಟ್ ಸರಿಯಿಲ್ಲ ಅಂತ ಗಾಲಿಗಳ ದಿಕ್ಕು ಹೊಂದಿಸುವ ಟೈ ರಾಡ್ ತಿರುಗಿಸುತ್ತಾರೆ, ಚೆನ್ನಾಗಿದ್ದದ್ದೂ ಕೆಡುತ್ತದೆ.

ಇಲ್ಲಿಂದ ಮುಂದೆ ತಾಳ್ಮೆ ಬೇಕು. ಹಿಂದಿನಿಂದ ಸುತ್ತಿಗೆ ಹೊಡೆದು, ಇಲ್ಲವೇ ಶಾಫ್ಟಿನ ತುದಿಗೇ ಬಡಿದು ಚಕ್ರ ಕೀಳುವವರನ್ನು ನೋಡಿದ್ದೇನೆ. ಆ ಪೆಟ್ಟೆಲ್ಲ ಶಾಫ್ಟನ್ನು ಹೊತ್ತ ಕೊಳವೆಯಾದ ಕಾಲಮ್‌ನ ಒಳಗಿನ ಬುಷ್‌ಗೆ, ಕೆಳಗಿನ ಜಾಯಿಂಟ್‌ಗೆ ಹೋಗುತ್ತದೆ. ಶಾಫ್ಟಿನ ಥ್ರೆಡ್ ಹಾಳಾದರಂತೂ ದೊಡ್ಡ ತಲೆನೋವು. ನಾನು ಹಲ್ಲುಗಳ ಮೇಲೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಸುಮ್ಮನಿದ್ದೆ. ಬೆಳಿಗ್ಗೆ, ಚಕ್ರವನ್ನು ಎಳೆದು ತೆಗೆಯುವ ಸಾಧನವಾದ ಪುಲ್ಲರ್ ಹಾಕಿದೆ. ಹಬ್‌ನಲ್ಲಿ ಅದರ ಬೋಲ್ಟ್‌ಗಳಿಗೆಂದೇ ಥ್ರೆಡ್ ಇರುವ ತೂತುಗಳಿದ್ದವು. ನಡುವಿನ ಸ್ಕ್ರೂವನ್ನು ನಿಧಾನಕ್ಕೆ ಬಿಗಿಮಾಡುತ್ತಾ ಹೋದೆ. ಟಕ್ ಅಂತ ಒಂದು ಸದ್ದು, ಚಕ್ರ ಬಿಟ್ಟುಕೊಂಡಿತು. ಪುಲ್ಲರ್ ಬಾಡಿಗೆಗೂ ಸಿಗುತ್ತದೆ, ಪರಿಚಯದ ಗ್ಯಾರೇಜಿನಲ್ಲಿ ಕೇಳಿದರೆ ಕೊಡುತ್ತಾರೆ.

ಮಿಕ್ಕಿದ್ದು ಸುಲಭ. ಕಾಲಮ್ ಕವರ್‌ನ ಸ್ಕ್ರೂಗಳು, ಆಮೇಲೆ ಸ್ವಿಚ್ ಹಿಡಿದಿರುವ ಸ್ಕ್ರೂಗಳು, ಕೊನೆಗೆ ವೈರ್‌ಗಳನ್ನು ಜೋಡಿಸುವ ಕಪ್ಲರ್‌ಗಳು. ಕಪ್ಲರ್ ಬಿಡಿಸುವಾಗ ವೈರ್ ಎಳೆಯಬಾರದು, ಲಾಕ್ ಒತ್ತಿ ಪ್ಲಾಸ್ಟಿಕ್ಕನ್ನೇ ಹಿಡಿದು ಎಳೆಯಬೇಕು. ಹಳೇ ಪ್ಲಾಸ್ಟಿಕ್ ಬಿಸಿಲಿಗೆ ಒಣಗಿ ಹಪ್ಪಳದ ಹಾಗೆ ಆಗಿರುತ್ತದೆ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ.

ಸ್ವಿಚ್ಚನ್ನು ದೊಡ್ಡದೊಂದು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ಇಟ್ಟುಕೊಂಡು ಬಿಚ್ಚಿದೆ. ಒಳಗೆ ಸಣ್ಣ ಸ್ಪ್ರಿಂಗ್‌ಗಳೂ ಗುಂಡುಗಳೂ ಇರುತ್ತವೆ, ಹಾರಿಹೋದರೆ ಸಿಗುವುದಿಲ್ಲ. ಕಾರಣ ಅಲ್ಲೇ ಕಾಣಿಸಿತು. ಡಿಪ್ಪರ್‌ನ ಹಿತ್ತಾಳೆ ಕಾಂಟ್ಯಾಕ್ಟ್ ಕಪ್ಪಗೆ ಸುಟ್ಟಿತ್ತು, ಪಕ್ಕದ ಪ್ಲಾಸ್ಟಿಕ್ ಸ್ವಲ್ಪ ಕರಗಿತ್ತು. ಇಂಡಿಕೇಟರ್ ಕಡೆ ಬರೀ ಒಣಗಿದ ಗ್ರೀಸ್ ಮತ್ತು ಧೂಳು. ಸಣ್ಣ ಮರಳು ಕಾಗದದಿಂದ ಕಾಂಟ್ಯಾಕ್ಟ್ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್‌ನಲ್ಲಿ ತೊಳೆದೆ. ಬಿರುಕು ಬಿಟ್ಟಿದ್ದ ಬೆಸುಗೆಯನ್ನು ಮತ್ತೆ ಹಾಕಿದೆ. ಲಿವರ್ ತಿರುಗುವ ಜಾಗಕ್ಕೆ ಚೂರೇ ಚೂರು ಹೊಸ ಗ್ರೀಸ್. ಮಲ್ಟಿಮೀಟರ್ ಹಿಡಿದು ಪ್ರತಿ ಸ್ಥಾನದಲ್ಲೂ ಸಂಪರ್ಕ ಬರುತ್ತದೆಯೇ ನೋಡಿದೆ. ಬಂತು.

ಆದರೆ ಸುಟ್ಟದ್ದು ಯಾಕೆ? ಹಿಂದಿನ ಮಾಲೀಕರು ಹೆಡ್‌ಲೈಟಿಗೆ 100/90 ವಾಟ್ (ಹೈ ಬೀಮಿಗೆ 100, ಲೋ ಬೀಮಿಗೆ 90) ಬಲ್ಬ್ ಹಾಕಿಸಿದ್ದರು. ಮಾಮೂಲಿ ಹ್ಯಾಲೋಜೆನ್ ಬಲ್ಬ್ 60/55 ವಾಟ್. ಲೋ ಬೀಮಿನಲ್ಲಿ ಎರಡು ಬಲ್ಬಿಗೆ 110 ವಾಟ್, ಅಂದರೆ 12 ವೋಲ್ಟ್‌ಗೆ ಸುಮಾರು 9 ಆಂಪಿಯರ್. 90 ವಾಟ್‌ನದ್ದಾದರೆ 15 ಆಂಪಿಯರ್. ಕಾಂಟ್ಯಾಕ್ಟ್ ಬಿಸಿಯಾಗುವುದು ಕರೆಂಟಿನ ವರ್ಗಕ್ಕೆ (ಕರೆಂಟನ್ನು ಅದರಿಂದಲೇ ಗುಣಿಸಿದ ಮೊತ್ತಕ್ಕೆ) ತಕ್ಕಂತೆ. ಹಾಗಾಗಿ ಬಿಸಿ ಎರಡೂವರೆ ಪಟ್ಟಿಗಿಂತ ಜಾಸ್ತಿ. ನನ್ನ ಗಾಡಿಯಲ್ಲಿ ರಿಲೇ (ಅಲ್ಪ ಕರೆಂಟಿನಿಂದ ದೊಡ್ಡ ಕರೆಂಟನ್ನು ಹತ್ತಿಸಿ ಆರಿಸುವ ಸ್ವಿಚ್) ಇರಲಿಲ್ಲ, ಅಷ್ಟೂ ಕರೆಂಟ್ ಈ ಪುಟ್ಟ ಸ್ವಿಚ್ಚಿನ ಮೂಲಕವೇ ಹೋಗುತ್ತಿತ್ತು. ಇಂಥ ಗಾಡಿಗೆ ಹೊಸ ಸ್ವಿಚ್ ಹಾಕಿದ್ದರೂ ಅದೂ ಸುಡುತ್ತಿತ್ತು, ಅಲ್ವಾ?

ಅದಕ್ಕೇ 60/55ರ ಬಲ್ಬ್‌ಗಳನ್ನು ವಾಪಸ್ ಹಾಕಿ, ಹೈಗೊಂದು ಲೋಗೊಂದು ರಿಲೇ ಕೂರಿಸಿದೆ. ಬ್ಯಾಟರಿಯಿಂದ ಫ್ಯೂಸ್ ದಾಟಿ ದಪ್ಪ ವೈರ್ ನೇರ ರಿಲೇಗೆ. ಈಗ ಸ್ವಿಚ್ ಹೊರುವುದು ರಿಲೇಯ ಕಾಯಿಲ್‌ಗೆ ಬೇಕಾದ ಅಲ್ಪ ಕರೆಂಟ್ ಮಾತ್ರ. ಒಂದು ಮಾತು: ನಿಮ್ಮ ಗಾಡಿಯ ಸ್ವಿಚ್ ಪಾಸಿಟಿವ್ ಕಡೆ ಕತ್ತರಿಸುತ್ತದೋ ಅರ್ಥ್ ಕಡೆಯೋ ಅಂತ ಮೊದಲು ಮೀಟರ್‌ನಲ್ಲಿ ನೋಡಿ. ರಿಲೇ ವೈರಿಂಗ್ ಅದರ ಮೇಲೆ ನಿಂತಿದೆ.

ಜೋಡಿಸುವಾಗ ಇಂಡಿಕೇಟರ್ ಲಿವರ್ ನಡುವಿನಲ್ಲೇ ಇರಬೇಕು. ಇಲ್ಲದಿದ್ದರೆ ಚಕ್ರ ಕೂರುವಾಗ ಲಿವರನ್ನು ವಾಪಸ್ ತರುವ ಪ್ಲಾಸ್ಟಿಕ್ ಹಲ್ಲು ಮುರಿಯುತ್ತದೆ. ಪಂಚ್ ಗುರುತು ಹೊಂದಿಸಿ ಚಕ್ರ ಕೂರಿಸಿ, ಮ್ಯಾನುವಲ್‌ನಲ್ಲಿ ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ ನಟ್ ಬಿಗಿಮಾಡಿದೆ. ಈ ನಟ್ ವಿಷಯದಲ್ಲಿ ಅಂದಾಜು ಬೇಡ.

ಬ್ಯಾಟರಿ ಸೇರಿಸಿ ಹಾರ್ನ್, ವೈಪರ್, ಡಿಪ್ಪರ್ ಎಲ್ಲ ನೋಡಿದೆ. ಖಾಲಿ ಮೈದಾನದಲ್ಲಿ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಎಲ್ಲೂ ಹಿಡಿಯುತ್ತಿಲ್ಲ, ಇಂಡಿಕೇಟರ್ ತಾನಾಗಿ ವಾಪಸ್ ಬರುತ್ತಿದೆ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ರಸ್ತೆಗೆ ಇಳಿಸಿದ್ದು. ಸ್ವಲ್ಪ ದಿನ ಓಡಿಸಿ, ಹಾರ್ನ್ ಪ್ಯಾಡ್ ತೆಗೆದು ನಟ್ಟನ್ನು ಮತ್ತೊಮ್ಮೆ ಪರೀಕ್ಷಿಸಿದೆ. ಬಿಗಿಯಾಗಿಯೇ ಇತ್ತು.